ಸುಮ್ನೆ ಒಂದು ಊಟ

ನಮ್ಮ ಪಂಚಾಯಿತಿ ಕಚೇರಿಯಲ್ಲಿ ಯಾರೂ ಲಂಚ ಕೇಳಿದ್ದನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ಆಣೆ ಮಾಡಿ ಹೇಳುತ್ತೇನೆ. ಆ ಪದ ಅಲ್ಲಿರುವುದು ಗೋಡೆಯ ಬೋರ್ಡಿನಲ್ಲಿ ಮಾತ್ರ. ಬೋರ್ಡಿನ ಕೆಳಗೆ ಕೂತವರ ಪದಗಳೇ ಬೇರೆ. ಖರ್ಚಿಗೆ. ಕಾಫಿಗೆ. ಪೆಟ್ರೋಲಿಗೆ. ಮೇಲಿನವರಿಗೆ. ಎಲ್ಲ ಸೇರಿದರೆ ಮಾಮೂಲಿ. ಈ ಪದ ಕಂಡುಹಿಡಿದ ಪುಣ್ಯಾತ್ಮನಿಗೆ ಒಂದು ಶಾಲು ಹೊದಿಸಬೇಕಿತ್ತು. ಮಾಮೂಲಿ ಅಂದರೆ ಎಂದಿನಂತೆ ನಡೆಯುವುದು. ದಿನಾ ಸೂರ್ಯ ಹುಟ್ಟುವುದನ್ನು ಯಾರಾದರೂ ಉಡುಗೊರೆ ಅಂತಾರಾ?

ಅಪ್ಪನ ಕಾಲದ ಮನೆ ಜಾಗಕ್ಕೆ ಇ-ಸ್ವತ್ತು, ಅಂದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಮಾಡಿಸಬೇಕಿತ್ತು. ಅರ್ಜಿ ಕೊಟ್ಟೆ. "ಜಾಗ ನೋಡ್ಬೇಕಲ್ಲಣ್ಣ, ಗಾಡಿ ಇಲ್ಲ" ಅಂದರು ಸಿಬ್ಬಂದಿಯೊಬ್ಬರು. ನನ್ನ ಬೈಕಿನಲ್ಲೇ ಕೂರಿಸಿಕೊಂಡು ಬಂದೆ. ನೋಡಿ ಮುಗಿಸುವಷ್ಟರಲ್ಲಿ ಗಂಟೆ ಒಂದೂವರೆ. ಊಟದ ಹೊತ್ತಿಗೆ ಮನೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸೋಕಾಗುತ್ತಾ? ಅಮ್ಮ ಬೆಳಿಗ್ಗೆಯೇ ಒಂದು ಹುಂಜಕ್ಕೆ ಗತಿ ಕಾಣಿಸಿದ್ದಳು. ಸಾಹೇಬರು ಎರಡನೇ ಮುದ್ದೆ ಬೇಡ ಅಂದರು. ಸಾರಿನ ವಿಷಯದಲ್ಲಿ ಹಾಗೇನೂ ಅನ್ನಲಿಲ್ಲ.

ರಾತ್ರಿ ಮಲಗಿದಾಗ ಅನುಮಾನ ಶುರುವಾಯಿತು. ನಾನು ಮಾಡಿದ್ದು ತಪ್ಪಾ? 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಕೊಟ್ಟವನೂ ಆರೋಪಿಯೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಹೋಗಿ ದೂರು ಹೇಳಬೇಕು. ನನ್ನ ಅರ್ಜಿ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಹನ್ನೊಂದು ದಿನ ಬೇಕಾಗಿತ್ತು. ನನಗೆ ಮಾತ್ರ ಏಳೇ ದಿನ. ಅದೂ ಅಲ್ಲದೆ ಏನಂತ ದೂರು ಕೊಡಲಿ? ಹುಂಜವನ್ನು ಬಲವಂತವಾಗಿ ಕೊಯ್ಯಿಸಿದರು ಅಂತಲೇ?

ನಡತೆ ನಿಯಮ ಹುಡುಕಿ ಓದಲು ಕೂತೆ. ಕೇಂದ್ರದ ನೌಕರರಿಗೆ 1964ರ ನಿಯಮ ಇದೆ. ನಮ್ಮ ರಾಜ್ಯದವರಿಗೆ 1966ರದ್ದು ಇತ್ತು, 2021ರಲ್ಲಿ ಹೊಸದು ಬಂತು. ನಮ್ಮ ಪಂಚಾಯಿತಿಗೆ ಕೇಂದ್ರದ್ದು ತಾಗುವುದಿಲ್ಲ, ಗೊತ್ತು. ಆದರೂ ಅಣ್ಣನ ಮನೆಯ ಪದ್ಧತಿ ನೋಡೋಣ ಅಂತ ಅದನ್ನೇ ಮೊದಲು ತೆಗೆದೆ. ತೆಗೆದದ್ದೇ ಒಳ್ಳೆಯದಾಯಿತು. ಬಿಟ್ಟಿ ಪ್ರಯಾಣ ಉಡುಗೊರೆಯಂತೆ. ಆದರೆ ಸುಮ್ನೆ ಒಂದು ಊಟ, ಸುಮ್ನೆ ಒಂದು ಲಿಫ್ಟ್ ಉಡುಗೊರೆ ಅಲ್ಲವಂತೆ! ಎದ್ದು ಹೋಗಿ ಅಮ್ಮನನ್ನು ಎಬ್ಬಿಸಿ ಹೇಳಿದೆ. "ಹುಂಜ ಸುಮ್ನೆ ಬರ್ತದಾ?" ಅಂದು ಮಗ್ಗುಲು ಬದಲಿಸಿದಳು.

ಅದರ ಕೆಳಗೆ ಇನ್ನೊಂದು ಸಾಲಿದೆ. ಕಚೇರಿಯ ವ್ಯವಹಾರ ಇರುವವರಿಂದ ಭರ್ಜರಿ ಆತಿಥ್ಯ ಬೇಡ, ಪದೇಪದೇ ಆತಿಥ್ಯವೂ ಬೇಡ ಅಂತ. ನಮ್ಮವರು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಒಬ್ಬರ ಮನೆಯಲ್ಲಿ ಉಂಡರೆ ಆ ವರ್ಷ ಮತ್ತೆ ಅವರ ಮನೆ ಕಡೆ ತಲೆ ಹಾಕುವುದಿಲ್ಲ. ಇವತ್ತು ನಮ್ಮ ಮನೆ, ನಾಳೆ ಮೇಲಿನ ಕೇರಿ, ನಾಡಿದ್ದು ಪಕ್ಕದ ಹಳ್ಳಿ. ಪಂಚಾಯಿತಿಯಲ್ಲಿ ಮನೆಗಳಿಗೇನು ಬರ?

ನನಗೆ ಜಾಸ್ತಿ ಹಿಡಿಸಿದ್ದು ನೆಂಟರ ಭಾಗ. ಮದುವೆ, ವಾರ್ಷಿಕೋತ್ಸವ, ಅಂತ್ಯಕ್ರಿಯೆ, ಪೂಜೆ ಇಂಥ ಸಂದರ್ಭದಲ್ಲಿ ಹತ್ತಿರದ ನೆಂಟರು ಕೊಟ್ಟ ಉಡುಗೊರೆ ತಗೊಳ್ಳಬಹುದು. ಅಂತ್ಯಕ್ರಿಯೆಗೆ ಯಾರು ಉಡುಗೊರೆ ಹಿಡಿದು ಹೋಗುತ್ತಾರೋ ತಿಳಿಯದು, ಇರಲಿ. ಬೆಲೆ ಒಂದು ಮಿತಿ ದಾಟಿದರೆ ಸರ್ಕಾರಕ್ಕೆ ತಿಳಿಸಬೇಕು. 'ಎ' ಗುಂಪಿನ ಅಧಿಕಾರಿಗೆ ಆ ಮಿತಿ 25,000 ರೂಪಾಯಿ. 'ಬಿ'ಗೆ 15,000. 'ಸಿ'ಗೆ 7,500. ಅಂದರೆ ಒಬ್ಬಳೇ ಸೋದರತ್ತೆಗೆ ಇಬ್ಬರು ಅಳಿಯಂದಿರಿದ್ದು, ಒಬ್ಬ ಅಧಿಕಾರಿ, ಇನ್ನೊಬ್ಬ ಗುಮಾಸ್ತ ಆಗಿದ್ದರೆ, ಅತ್ತೆಯ ಪ್ರೀತಿಗೂ ವೇತನ ಶ್ರೇಣಿ ಉಂಟು.

ಆಮೇಲೆ ನೆನಪಾಯಿತು, ನಮ್ಮ ಸಾಹೇಬರು ನನ್ನನ್ನು ಅಣ್ಣ ಅಂತಲೇ ಕರೆಯುವುದು. ಮೊದಲ ದಿನದಿಂದಲೇ. ಮುದ್ದೆ ಬಡಿಸಿದ ಅಮ್ಮನಿಗೆ "ಅಮ್ಮಾ, ನೀವೂ ನಮ್ಮ ತಾಯಿ ಇದ್ದಂಗೆ" ಅಂದಿದ್ದರು. ಹತ್ತಿರದ ನೆಂಟ ಆಗಲು ಇನ್ನೇನು ಬೇಕು? ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಲೆ ಕೆಳಗೆ ಒಂದು ಆರು ಆಗ್ತದಣ್ಣ" ಅಂದಿದ್ದರು. ಆರು ಸಾವಿರ. 7,500ರ ಒಳಗೇ. ನಿಯಮ ಓದಿಕೊಂಡವರು.

ನಾನು ಕೊಡಲಿಲ್ಲ. ದೊಡ್ಡ ಧೈರ್ಯವಂತ ಅಂದುಕೊಳ್ಳಬೇಡಿ, ಆ ತಿಂಗಳು ಇರಲಿಲ್ಲ.

ಹಾಗಂತ ಸರ್ಕಾರ ಉಡುಗೊರೆಯ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿದೆ ಅನ್ನಬಾರದು. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸತರಲ್ಲಿ ಆದೇಶವೇ ಹೊರಟಿತು. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು, ನೆನಪಿನ ಕಾಣಿಕೆ ಯಾವುದೂ ಬೇಡ. ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ. 2023ರ ಮೇನಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಅವರೂ ಹಾರ, ಶಾಲು ಬೇಡ, ಪುಸ್ತಕ ಕೊಡಿ ಅಂದರು. ಎರಡು ವರ್ಷದಲ್ಲಿ ಇಬ್ಬರು ಮುಖ್ಯಮಂತ್ರಿಗಳು ಒಂದೇ ಹಾರವನ್ನು ಕತ್ತಿನಿಂದ ತೆಗೆಯಬೇಕಾಯಿತು ಅಂದರೆ, ನಡುವೆ ಅದನ್ನು ಮತ್ತೆ ಹಾಕಿದ್ದು ಯಾರು?

ನಮ್ಮೂರಲ್ಲಿ ಆದೇಶ ಜಾರಿಗೆ ಬಂದ ಬಗೆಯನ್ನು ನಾನೇ ನೋಡಿದ್ದೇನೆ. ವೇದಿಕೆಯ ಮೇಲೆ ಮೊದಲು ಪುಸ್ತಕ ಕೊಟ್ಟರು. ಪುಸ್ತಕ ಕೊಟ್ಟವರೇ ಮನಸ್ಸು ತಡೆಯದೆ ಶಾಲೂ ಹೊದಿಸಿದರು. ಶಾಲು ಹೊದಿಸಿದ ಮೇಲೆ ತಲೆ ಬರಿದಾಗಿ ಕಾಣುತ್ತದಲ್ಲ, ಮೈಸೂರು ಪೇಟ ಇಟ್ಟರು. ಕೊನೆಗೆ ಹಾರ. ಪುಸ್ತಕದ ಪ್ಲಾಸ್ಟಿಕ್ ಹೊದಿಕೆ ಯಾರೂ ಬಿಚ್ಚಲಿಲ್ಲ. ಮುಂದಿನ ತಿಂಗಳ ಸಮಾರಂಭದಲ್ಲಿ ಅದೇ ಪುಸ್ತಕ ಬೇರೊಬ್ಬರ ಕೈಗೆ ಬಂತು. ಮೂಲೆ ಮುರಿದಿದ್ದರಿಂದ ಗುರುತು ಸಿಕ್ಕಿತು. ಓದುಗರಿಗಿಂತ ಜಾಸ್ತಿ ವೇದಿಕೆ ಕಂಡ ಪುಸ್ತಕ ಅದು.

ಹಾರ ಹತ್ತು ಜನರೆದುರು ಬೀಳುತ್ತದೆ. ಫೋಟೊ ಇರುತ್ತದೆ. ಆರು ಸಾವಿರಕ್ಕೆ ಫೋಟೊ ಇಲ್ಲ, ಅದಕ್ಕೆ ಆದೇಶವೂ ಬೇಕಿಲ್ಲ. ಹಲವು ಕಚೇರಿಗಳಲ್ಲಿ ಬೆಳಿಗ್ಗೆ ಬಂದ ಕೂಡಲೇ ಜೇಬಿನಲ್ಲಿ ಎಷ್ಟು ದುಡ್ಡಿದೆ ಅಂತ ಬರೆದಿಡುವ ವಹಿ ಇದೆ. ಸಂಜೆ ಜೇಬಿನಲ್ಲಿ ಅಷ್ಟೇ ಇರುತ್ತದೆ, ಅನುಮಾನ ಬೇಡ. ಎದುರಿನ ಜೆರಾಕ್ಸ್ ಅಂಗಡಿಯವನಿಗೆ ವಹಿ ಬರೆಯುವ ನಿಯಮ ಇಲ್ಲ.

ದೊಡ್ಡವರಿಗಾದರೆ ಒಂದು ದಾರಿಯಿದೆ. 2016ರಲ್ಲಿ, ಆಗಲೂ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ದುಬಾರಿ ಹ್ಯೂಬ್ಲೊ ವಾಚಿನ ಗಲಾಟೆ ನೆನಪಿರಬಹುದು. ಗೆಳೆಯ ಕೊಟ್ಟದ್ದು ಅಂದರು. ಕೊನೆಗೆ ಅದನ್ನು ಆಗಿನ ಸ್ಪೀಕರ್ ಕಾಗೋಡು ತಿಮ್ಮಪ್ಪ ಅವರ ಕೈಗೆ ಒಪ್ಪಿಸಿದರು, ಸರ್ಕಾರದ ಸ್ವತ್ತಾಯಿತು. ನಮ್ಮ ಸಾಹೇಬರು ಆ ಸಾರನ್ನು ಯಾವ ಸ್ಪೀಕರಿಗೆ ಒಪ್ಪಿಸಬೇಕು?

ನನ್ನ ಅರ್ಜಿ ಅಲುಗಲಿಲ್ಲ. ಗಡುವು ದಾಟಿತು. ಆಗ ಯಾರೋ 'ಸಕಾಲ' ನೆನಪಿಸಿದರು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಆ ಕಾಯ್ದೆಯಲ್ಲಿ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ಹೆಚ್ಚೆಂದರೆ 500. ಸಂಬಂಧಪಟ್ಟವರ ಸಂಬಳದಿಂದ ಹಿಡಿಯುತ್ತಾರೆ. ಕಚೇರಿಯಿಂದ ನಮ್ಮ ಕಡೆಗೆ ಬರುವ ಉಡುಗೊರೆ ನನಗೆ ತಿಳಿದಂತೆ ಇದೊಂದೇ. ಲೆಕ್ಕ ಹಾಕಿದೆ. ಇಪ್ಪತ್ತೈದು ದಿನಕ್ಕೆ ಐನೂರು ಮುಗಿಯಿತು. ಇಪ್ಪತ್ತಾರನೇ ದಿನದಿಂದ ಎಷ್ಟು ತಡ ಮಾಡಿದರೂ ಬಿಟ್ಟಿ.

ನನ್ನದು ನಲವತ್ತು ದಿನ ದಾಟಿತ್ತು. ಕೇಳಿದೆ, ಓಡಾಡಿದೆ, ಮತ್ತೆ ಓಡಾಡಿದೆ, ಅಂತೂ ಐನೂರು ಬಂತು. ಅದೇ ವಾರ ಇ-ಸ್ವತ್ತೂ ಕೈಸೇರಿತು. ಕಾಗದ ಮಡಚಿಕೊಂಡು ಹೊರಗೆ ಬಂದರೆ ಸಾಹೇಬರು ಜೆರಾಕ್ಸ್ ಅಂಗಡಿ ಮುಂದೆ ಟೀ ಕುಡಿಯುತ್ತಾ ನಿಂತಿದ್ದರು. ಮುಖದಲ್ಲಿ ಒಂದಿಷ್ಟೂ ಸಿಟ್ಟಿಲ್ಲ.

"ನನ್ನ ಸಂಬಳದ ದುಡ್ಡು ನಿಮಗೆ ಬಂತಂತೆ?" ಅಂದರು. "ಊಟ ಯಾವಾಗ ಹಾಕಿಸ್ತೀರಣ್ಣ?"