ಮಿನರ್ವಾ ತಲೆಯೂ ತಕ್ಕಡಿಯೂ

ಹಳೇ ಫ್ರೆಂಚ್ ಬೆಳ್ಳಿಯ ಡ್ರೆಸಿಂಗ್ ಟೇಬಲ್ ಸೆಟ್ (ಕೈಗನ್ನಡಿ, ಬ್ರಷ್, ಪೌಡರ್ ಡಬ್ಬಿ ಇತ್ಯಾದಿ) ತೋರಿಸಿದರೆ ನಮ್ಮವರ ಮೊದಲ ಪ್ರಶ್ನೆ, "ಎಷ್ಟು ಗ್ರಾಂ ಬರುತ್ತೆ?" ಬೆಳ್ಳಿ ರೇಟು ಏರಿದಾಗಲಂತೂ ಈ ಪ್ರಶ್ನೆ ಜಾಸ್ತಿ. ನನಗೆ ಇದು ಒಂಚೂರೂ ಹಿಡಿಸುವುದಿಲ್ಲ.

ಈ ಸೆಟ್‌ಗಳ ಕೈಗನ್ನಡಿ, ಬ್ರಷ್‌ಗಳಲ್ಲಿ ಬೆಳ್ಳಿ ಇರುವುದೇ ಕಡಿಮೆ. 19ನೇ ಶತಮಾನದ ಕೊನೆಯ ಹೊತ್ತಿಗೆ ತೆಳು ತಗಡನ್ನು ಅಚ್ಚಿಗೆ ಒತ್ತಿ ಹೂಬಳ್ಳಿ ಎಬ್ಬಿಸುವುದು ಮಾಮೂಲಾಗಿತ್ತು. ಒಳಗೆ ಮರ, ಇಲ್ಲವೇ ರಾಳದಂಥದ್ದೇನೋ ತುಂಬಿರುತ್ತಿತ್ತು. ಅರಗು ತುಂಬಿದ ಚಿನ್ನದ ಗುಂಡು ಬರುತ್ತಲ್ಲ, ಅದೇ ಕಥೆ. ಕೈಗೆ ಭಾರ, ಕರಗಿಸಿದರೆ ಚೂರು. ಪೌಡರ್ ಡಬ್ಬಿಯ ಮುಚ್ಚಳ ಸಾಮಾನ್ಯವಾಗಿ ಹಾಗಲ್ಲ. ತಿರುಗಿಸಿ ನೋಡಿದರೆ ಒಳಗೂ ಲೋಹವೇ.

ಆ ಮುಚ್ಚಳದ ಅಂಚಿಗೇ ಭೂತಗನ್ನಡಿ ಹಿಡಿಯಿರಿ. ಶಿರಸ್ತ್ರಾಣ ತೊಟ್ಟ ಮಿನರ್ವಾ ದೇವತೆಯ ಪುಟಾಣಿ ತಲೆ ಸಿಗಬಹುದು. ಅದು ಬೆಳ್ಳಿಯ ಶುದ್ಧತೆಗೆ 1838ರಿಂದ ಬಂದ ಫ್ರೆಂಚ್ ಸರ್ಕಾರಿ ಮುದ್ರೆ. ಜೊತೆಗೆ 1 ಇದ್ದರೆ ಸಾವಿರಕ್ಕೆ 950 ಪಾಲು ಬೆಳ್ಳಿ, 2 ಇದ್ದರೆ 800. ಇಂಗ್ಲಿಷರ ಸ್ಟರ್ಲಿಂಗ್ ಬೆಳ್ಳಿ 925 ಅಷ್ಟೆ. ಚಿಕ್ಕಪುಟ್ಟ ಸಾಮಾನಿಗೆ ಪ್ಯಾರಿಸ್‌ನಲ್ಲಿ ಕಾಡುಹಂದಿಯ ತಲೆ ಒತ್ತುತ್ತಿದ್ದರು. ಮಾಡಿದವರ ಗುರುತು ಇಸ್ಪೀಟಿನ ಡೈಮಂಡ್ ಆಕಾರದ ಚೌಕಟ್ಟಿನಲ್ಲಿರುತ್ತದೆ. ನೇರ ಚೌಕದಲ್ಲಿದ್ದರೆ ಬರೀ ಬೆಳ್ಳಿ ಲೇಪ ಇರಬಹುದು, ಹುಷಾರು.

ಬೆಳ್ಳಿಯನ್ನು ಬರೀ ದುಡ್ಡಾಗಿ ನೋಡುವುದು ಫ್ರೆಂಚರಿಗೂ ಹೊಸದಲ್ಲ ಬಿಡಿ. ಯುದ್ಧಕ್ಕೆ ಹಣ ಸಾಲದೆ ರಾಜ 14ನೇ ಲೂಯಿ 1689ರಲ್ಲಿ ವರ್ಸೇಲ್ಸ್ ಅರಮನೆಯ ಬೆಳ್ಳಿ ಪೀಠೋಪಕರಣಗಳನ್ನೇ ಟಂಕಸಾಲೆಗೆ ಕಳಿಸಿ ಕರಗಿಸಿಬಿಟ್ಟ. ಶ್ರೀಮಂತರ ಮನೆ ಬೆಳ್ಳಿಗೂ ಅದೇ ಗತಿ. ಆ ಕಾಲದ ಪ್ಯಾರಿಸ್ ಕೆಲಸದ ಎರಡು ಹೆಸರಾಂತ ಸೆಟ್‌ಗಳು ಈಗಿರುವುದು ಬ್ರಿಟನ್ನಿನಲ್ಲಿ. ಒಂದು ಎಡಿನ್‌ಬರೋದ ರಾಷ್ಟ್ರೀಯ ಮ್ಯೂಸಿಯಂನಲ್ಲಿ. ಇನ್ನೊಂದು ಚಾಟ್ಸ್‌ವರ್ತ್ ಬಂಗಲೆಯಲ್ಲಿ. ಅದು ಪಿಯೇರ್ ಪ್ರೆವೋ ಮಾಡಿದ್ದು, ಮೇಲೆ ಇಂಗ್ಲೆಂಡಿನ ರಾಜ ರಾಣಿ ವಿಲಿಯಂ ಮತ್ತು ಮೇರಿಯ ಲಾಂಛನವಿದೆ. ದೇಶ ಬಿಟ್ಟಿದ್ದಕ್ಕೆ ಬಚಾವಾದವು ಅನ್ನಬೇಕು, ಅಲ್ವಾ?

ಹಾಗಾಗಿ ಯಾರ ಬಳಿಯಾದರೂ ಇಂಥ ಸೆಟ್ ಇದ್ದರೆ ಕರಗಿಸುವವರ ಹತ್ತಿರ ಹೋಗಬೇಡಿ. ಹಳೇ ವಸ್ತು ಬಲ್ಲವರಿಗೆ ಪೆಟ್ಟಿಗೆ ಸಮೇತ ತೋರಿಸಿ. ಬಿಡಿ ಮಾಡಿ ಮಾರಬೇಡಿ. ಮೇಲೆ ಯಾರದ್ದೋ ಹೆಸರಿನ ಅಕ್ಷರ ಕೆತ್ತಿದೆ ಅಂತ ಕೆಲವರು ಬೆಲೆ ಇಳಿಸುತ್ತಾರೆ. ನನಗಂತೂ ಆ ಅಕ್ಷರಗಳೇ ಇಷ್ಟ. ಅವನ್ನು ಉಜ್ಜಿಸಿ ತೆಗೆಸಿದರೆ ಮೊದಲೇ ತೆಳುವಾದ ತಗಡು ಇನ್ನೂ ಸವೆದು, ಬೆರಳಲ್ಲಿ ಒತ್ತಿದರೂ ತಗ್ಗು ಬೀಳಬಹುದು.