ವಿಡಿಯೋ ನೋಡಿ ಬನ್ನಿ ಅಂದೆ, ಯಾರೂ ನೋಡಿರಲಿಲ್ಲ

ಗಂಗಾವತಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ನಾನು. ಫ್ಲಿಪ್ಡ್ ಕ್ಲಾಸ್‌ರೂಮ್ (ಪಾಠ ಮನೆಯಲ್ಲೇ ನೋಡಿ ಬರೋದು, ಚರ್ಚೆ ಕ್ಲಾಸಿನಲ್ಲಿ) ಮಾಡ್ತೀನಿ ಅಂತ ಹುಮ್ಮಸ್ಸಿನಲ್ಲಿ ನಲವತ್ತು ನಿಮಿಷದ ವಿಡಿಯೋ ಕಳಿಸಿದೆ. ಮರುದಿನ ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ಮನೆಗೊಂದೇ ಫೋನು, ಅದೂ ಅಣ್ಣನ ಜೇಬಿನಲ್ಲಿ. ತಪ್ಪು ನನ್ನದೇ ಬಿಡಿ.

2007ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಬರ್ಗ್‌ಮನ್, ಸ್ಯಾಮ್ಸ್ ಎಂಬ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರು ಪಾಠ ರೆಕಾರ್ಡ್ ಮಾಡತೊಡಗಿದ್ದು ಆಟೋಟಕ್ಕೆ ಹೋಗಿ ಕ್ಲಾಸ್ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳಿಗಾಗಿ. ಪಾಠ ಮನೆಗೆ ಹೋದ ಮೇಲೆ ಕ್ಲಾಸಿನ ಹೊತ್ತು ಖಾಲಿ ಸಿಕ್ಕಿತು. ಅಸಲು ಮಾಲು ಇರೋದು ಆ ಖಾಲಿ ಹೊತ್ತಿನಲ್ಲಿ. ನಾವು ವಿಡಿಯೋ ಹಿಡಿದುಕೊಂಡು ಕುಣಿಯುತ್ತೇವೆ.

ನಾನು ವಿಡಿಯೋವನ್ನು ಏಳು ನಿಮಿಷಕ್ಕೆ ಇಳಿಸಿದೆ. ಫೋನ್ ಇಲ್ಲದವರಿಗೆ ಎರಡು ಪುಟದ ಜೆರಾಕ್ಸ್, ಬಸ್ಸಿನಲ್ಲಿ ಓದಿಕೊಂಡು ಬರಲಿ ಅಂತ.

ಅಷ್ಟರಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಯಿತು. ಗೇಟು ಕೊಚ್ಚಿಹೋಯಿತು. ವಾಟ್ಸಾಪಿನಲ್ಲಿ ಒಂದೇ ಗದ್ದಲ: ಡ್ಯಾಂ ಖಾಲಿ, ಎರಡನೇ ಬೆಳೆ ಹೋಯ್ತು. ಕ್ಲಾಸಿನಲ್ಲಿ, ಇದನ್ನು ನಂಬೋಕೆ ನಿಮಗೆ ಏನೇನು ಗೊತ್ತಿರಬೇಕು ಅಂತಷ್ಟೇ ಕೇಳಿ ಸುಮ್ನೆ ಕೂತೆ. ಮೊದಲು ಪಿಟ್ಟೆನ್ನಲಿಲ್ಲ. ಆಮೇಲೆ ಕಾಲುವೆ ಕೊನೆಯ ಊರಿನ ಹುಡುಗನೊಬ್ಬ, "ಒಳಹರಿವು ಎಷ್ಟೈತಿ ಸರ್?" ಅಂದ. ಶುರುವಾಯಿತು. ಹೊಸ ಗೇಟು ಇಳಿಸಲು ಎಷ್ಟು ನೀರು ಬಿಡಬೇಕು, ಮಲೆನಾಡಿನಲ್ಲಿ ಇನ್ನೆಷ್ಟು ವಾರ ಮಳೆ, ಭತ್ತಕ್ಕೆ ಯಾವ ತಿಂಗಳು ನೀರು ಬೇಕು. ಕೊನೆಯದಂತೂ ನನಗಿಂತ ಅವರಿಗೇ ಜಾಸ್ತಿ ಗೊತ್ತಿತ್ತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. (ಮುಂದಿನ ಕ್ಲಾಸಿನ ಮೇಡಂ ಇವತ್ತಿಗೂ ನನ್ನನ್ನು ಗುರಾಯಿಸುತ್ತಾರೆ.)

ಹಿಂದಿನ ಬೆಂಚಿನ ಹುಡುಗಿ ಒಬ್ಬಳು ನನ್ನನ್ನೇ ಹಿಡಿದಳು. "ಸರ್, ವಿಡಿಯೋದಾಗ ಡ್ಯಾಮಿನ ಸಾಮರ್ಥ್ಯ 133 ಟಿಎಂಸಿ ಅಂದೀರಿ. ಪೇಪರಿನಾಗ 105 ಅಂತ ಐತಿ. ಯಾವುದು ಖರೆ?" 133 ಕಟ್ಟಿದಾಗಿನ ಲೆಕ್ಕ. ಹೂಳು ತುಂಬಿ ಈಗ ಉಳಿದಿರೋದು ಸುಮಾರು 105. ನಾನು ಹಳೇ ನೋಟ್ಸ್ ನೋಡಿ ಒದರಿದ್ದೆ. ನಾಚಿಕೆಯಾಯಿತು, ಖುಷಿಯೂ ಆಯಿತು. ನಾನು ಬೋರ್ಡಿಗೆ ಮುಖ ಮಾಡಿ ಬರೆಸುತ್ತಿದ್ದರೆ ಅವಳು 133 ಅಂತ ಬರೆದುಕೊಂಡು ಮನೆಗೆ ಹೋಗುತ್ತಿದ್ದಳು, ಅಲ್ವಾ?

ಸಿಟ್ಟು ಬರೋದು ಪರೀಕ್ಷೆ ಮೇಲೆ. ಈಗಲೂ "ಟಿಪ್ಪಣಿ ಬರೆಯಿರಿ, 5 ಅಂಕ". ಗೈಡಿನ 133 ಬರೆದವನಿಗೂ ಐದು. 105 ಬರೆದು, ಉಳಿದ ನೀರಿನ ಜಾಗ ಎಲ್ಲಿ ಹೋಯಿತು ಅಂತ ವಿವರಿಸಿದವಳಿಗೂ ಅದೇ ಐದು, ಅದೂ ತಿದ್ದುವವರು ಪೂರ್ತಿ ಓದಿದರೆ.