ಬೆಳೆ ಹೋದ ಹೊಲಕ್ಕೂ ಚರಗ ಚೆಲ್ಲಿದೆವು

ಡಿಸೆಂಬರ್ ಕೊನೆ ಬಂತು ಅಂದರೆ "ಇರೋದಕ್ಕೆ ಖುಷಿಪಡಿ, ಹೋದದ್ದು ಮರೆತುಬಿಡಿ" ಅನ್ನೋ ಮೆಸೇಜುಗಳು ಶುರುವಾಗುತ್ತವೆ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಈ ಸಲ ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆ ಭೀಮಾ ದಂಡೆಯಲ್ಲಿ ಹೊಲ ಇರುವವರಿಗೆ ಆ ಮಾತು ಹೇಳೋಕೆ ನನಗೆ ಬಾಯಿ ಬರೋದಿಲ್ಲ. ಅವರಲ್ಲಿ ನಮ್ಮ ಮನೆಯವರೂ ಇದ್ದಾರೆ.

2025 ಅಲ್ಲಿ ಹೇಗೆ ಹೋಯಿತು ಗೊತ್ತಾ? ಆಗಸ್ಟಿನಲ್ಲಿ ಹೆಸರು, ಉದ್ದು ರಾಶಿ ಮಾಡುವ ಹೊತ್ತಿಗೇ ಮಳೆ ಹಿಡಿಯಿತು. ಕಾಳು ಗಿಡದಲ್ಲೇ ಮೊಳಕೆ ಒಡೆಯಿತು. ಹೋಗಲಿ, ತೊಗರಿ ಇದೆಯಲ್ಲ ಅಂದುಕೊಂಡರು. ಸೆಪ್ಟೆಂಬರ್ ಕೊನೆಗೆ ಮಹಾರಾಷ್ಟ್ರದ ಉಜನಿ ಅಣೆಕಟ್ಟು, ಸೀನಾ ನದಿ ಕಡೆಯಿಂದ ನೀರು ಭೀಮೆಗೆ ನುಗ್ಗಿ ಬಂತು. ಇಲ್ಲಿನ ಮಳೆಯೂ ಬಿಟ್ಟಿರಲಿಲ್ಲ. ಎರೆ ಹೊಲ ನೀರು ಹಿಡಿದರೆ ಬೇಗ ಬಿಡುವುದಿಲ್ಲ. ಬೇರಿಗೆ ನೀರು ನಿಂತರೆ ತೊಗರಿ ತಡೆಯುವುದಿಲ್ಲ, ನಿಂತಲ್ಲೇ ಒಣಗುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ನಾವೆಲ್ಲ ಎಷ್ಟು ಹಿಗ್ಗಿದ್ದೆವು. ಈ ಸಲ ನಮ್ಮ ಮನೆಗೆ ಬೇಳೆಯನ್ನು ಅಂಗಡಿಯಿಂದ ತರುತ್ತಿದ್ದೇವೆ.

ಇಷ್ಟಾದ ಮೇಲೆ ಡಿಸೆಂಬರ್ 19ಕ್ಕೆ ಎಳ್ಳ ಅಮಾವಾಸ್ಯೆ ಬಂತು. ದಕ್ಷಿಣದ ಗೆಳೆಯರಿಗಾಗಿ ಹೇಳುತ್ತೇನೆ: ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ. ಮೊದಲ ತುತ್ತು ನಮಗಲ್ಲ. ಅದನ್ನು ಹೊಲದ ತುಂಬ ಚೆಲ್ಲುತ್ತಾ ಹೋಗಬೇಕು. ಅದೇ ಚರಗ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಅನ್ನೋ ನಂಬಿಕೆ.

ಈ ಸಲ ಬೇಡ ಅನ್ನಬಹುದು ಅಂದುಕೊಂಡಿದ್ದೆ. ಅವ್ವ ಹಿಂದಿನ ದಿನವೇ ಒಲೆ ಹಚ್ಚಿ ಕೂತಿದ್ದಳು. "ಬೆಳೀ ಬಂದ್ರಷ್ಟ ನೀಡೂದೇನಪಾ? ಹಂಗಂದ್ರ ಅದು ಯಾಪಾರ ಆತು" ಅಂದಳು. ಅಣ್ಣ ತೊಗರಿ ಹೋದ ಹೊಲಕ್ಕೂ ಚರಗ ಚೆಲ್ಲಿ ಬಂದ. ಮೇಲಿನ ಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಹಿಂಗಾರಿ ಜೋಳಕ್ಕೆ ನೆಲದ ಹಸಿ ಇದ್ದರೆ ಸಾಕು, ಚಳಿಗೆ ಬೆಳೆಯುತ್ತದೆ. ಆ ಹಸಿಯೂ ಅದೇ ಮಳೆ ಬಿಟ್ಟು ಹೋದದ್ದು.

ಅವ್ವನ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಕೃತಜ್ಞತೆಯ ಹೆಸರಲ್ಲಿ ರೈತನಿಗೆ "ತೃಪ್ತಿಯಿಂದಿರು" ಅಂತ ಬುದ್ಧಿ ಹೇಳೋದನ್ನು ಮಾತ್ರ ಒಪ್ಪಲಾರೆ. ಭೂಮಿಗೆ ಕೈ ಮುಗಿಯೋದು ಬೇರೆ, ಬರಬೇಕಾದ ಪರಿಹಾರ ಕೇಳೋದು ಬೇರೆ. ಎರಡನ್ನೂ ಒಬ್ಬನೇ ಮನುಷ್ಯ ಒಂದೇ ದಿನ ಮಾಡಬಹುದು ಅಲ್ವಾ?

ನನಗೆ ಥ್ಯಾಂಕ್ಸ್ ಹೇಳಬೇಕಾದವರು ಇದ್ದಾರೆ. ನೀರು ಏರಿದ ರಾತ್ರಿ ನಮ್ಮ ಎಮ್ಮೆಗಳ ಕಣ್ಣಿ ಬಿಚ್ಚಿ ದಿಬ್ಬಕ್ಕೆ ಹೊಡೆದುಕೊಂಡು ಹೋದ ಪಕ್ಕದ ಮನೆ ಕಾಕಾ. ಶಾಲೆಯ ಕಾಳಜಿ ಕೇಂದ್ರದಲ್ಲಿ ಹಗಲು ರಾತ್ರಿ ಅನ್ನ ಬೇಯಿಸಿದ ಬಿಸಿಯೂಟದ ಅಕ್ಕಂದಿರು. ಅವರಲ್ಲಿ ಇಬ್ಬರ ಮನೆಯೊಳಗೂ ನೀರು ಬಂದಿತ್ತು. ಕೆಸರಲ್ಲಿ ಕಾಲಿಟ್ಟುಕೊಂಡು ಮನೆಮನೆಗೆ ಮಾತ್ರೆ ತಲುಪಿಸಿದ ಆಶಾ ಕಾರ್ಯಕರ್ತೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹದಿನೈದು ಸಾವಿರ ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಇವರಿಗೆಲ್ಲ "ನೀವು ದೇವರಿದ್ದಂಗೆ" ಅನ್ನೋದು ಸುಲಭ. ಸರಿಯಾದ ಸಂಬಳ ಕೊಡೋದೇ ಕಷ್ಟ ಆಗಿಬಿಟ್ಟಿದೆ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಸುತ್ತದೆ.

ಪರಿಹಾರದ ವಿಷಯವೂ ಹಾಗೆಯೇ. ಮಳೆಯಾಶ್ರಿತ ಬೆಳೆಗೆ ಕೇಂದ್ರದ ವಿಪತ್ತು ಪರಿಹಾರ ನಿಧಿಯಾದ ಎನ್‌ಡಿಆರ್‌ಎಫ್ ಲೆಕ್ಕದಲ್ಲಿ ಹೆಕ್ಟೇರಿಗೆ 8,500 ರೂಪಾಯಿ. ರಾಜ್ಯ ಸರ್ಕಾರ ಅಷ್ಟನ್ನೇ ಮತ್ತೆ ಸೇರಿಸಿ 17,000 ಮಾಡಿತು. ಅದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ದುಡ್ಡು ಬೀಳೋದು ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ. ಬೇರೆಯವರ ಹೊಲ ಹಿಡಿದು ಬೀಜ, ಗೊಬ್ಬರ, ಕೂಲಿ ಎಲ್ಲ ತಾವೇ ಹಾಕಿ ಕಳೆದುಕೊಂಡವರ ಹೆಸರು ಅದರಲ್ಲಿ ಎಲ್ಲಿರುತ್ತದೆ? ನಮ್ಮ ನದಿ ದಂಡೆಯ ಹೊಲ ಮಾಡುತ್ತಿದ್ದದ್ದು ಪಕ್ಕದ ಮನೆಯ ಆ ಕಾಕಾನೇ. ಖಾತೆ ಅಪ್ಪನದು. ಹಣ ಬಂದ ದಿನವೇ ಅಣ್ಣ ಬಿಡಿಸಿಕೊಂಡು ಹೋಗಿ ಅವರ ಕೈಗೆ ಕೊಟ್ಟ. ಉಪಕಾರ ಅಂತಲ್ಲ, ಅದು ಅವರದೇ ದುಡ್ಡು.

ನಿಮ್ಮ ಹೊಲವನ್ನೂ ಊರಲ್ಲಿ ಯಾರಾದರೂ ಮಾಡುತ್ತಿದ್ದರೆ, ಬೆಂಗಳೂರಲ್ಲೋ ಪುಣೆಯಲ್ಲೋ ಕೂತು ಇದನ್ನು ಓದುತ್ತಿದ್ದರೆ, ಇವತ್ತೇ ಒಮ್ಮೆ ಖಾತೆ ನೋಡಿ. ಆಮೇಲೆ ಅವರಿಗೊಂದು ಫೋನ್ ಮಾಡಿ.